ಜೋಡಿ ಮುಳ್ಳಿನ ಗುರುತು

ಆ ಕಾಡುಹಣ್ಣಿಗೆ ನಮ್ಮ ಸೀಮೆಯಲ್ಲಿ ಬೇರೊಂದು ಹೆಸರಿತ್ತು. 'ಪರ' ಎಂದು ಆರಂಭವಾಗುತ್ತಿತ್ತು. ಪರಗಿಯೋ, ಪರಿಗೆಯೋ, ನಾಲಗೆಗೆ ಸರಿಯಾಗಿ ಬರುತ್ತಿಲ್ಲ. ನಾನೀಗ ಇರುವ ಮೈಸೂರಿನಲ್ಲಿ ಎಲಚಿ ಎನ್ನುತ್ತಾರೆ. ಸದ್ಯಕ್ಕೆ ಕಾಡುಬಾರಿ ಎನ್ನೋಣ.

ಪೂಜ್ಯ ಚನ್ನಮಲ್ಲಜ್ಜನವರು ನಮ್ಮೂರಾಚೆಯ ಗುಡ್ಡದ ಬುಡದಲ್ಲಿ ಒಂದು ಜೋಪಡಿಯಲ್ಲಿದ್ದರು. ಬಂದವರೊಡನೆ ಕೂತು ನವಣೆ ಹಸನು ಮಾಡುತ್ತಿದ್ದರು. ಉಪದೇಶ ಮಾಡಿದ್ದು ಕಡಿಮೆ.

ಒಂದು ಬೇಸಿಗೆಯಲ್ಲಿ ಊರಿನ ವೈದ್ಯರಾದ ವಿರೂಪಣ್ಣ ಪಂಡಿತರ ಮಗಳು ಗೌರವ್ವ ರಕ್ತಭೇದಿಯಿಂದ ಹಾಸಿಗೆ ಹಿಡಿದಳು. ಕಾಡುಬಾರಿಯ ತೊಗಟೆಯ ಕಷಾಯವೇ ಅದಕ್ಕೆ ಮದ್ದೆಂದು ಪಂಡಿತರು ಓದಿದ್ದರು. ತೊಗಟೆ ತಂದುಕೊಡುತ್ತಿದ್ದವನು ತೀರಿಹೋಗಿದ್ದ. ತಾವೇ ಗುಡ್ಡ ಹತ್ತಿದರು. ಎಲೆ ಉದುರುವ ಕಾಲ. ಎಲ್ಲಿ ನೋಡಿದರೂ ಬರೀ ಮುಳ್ಳು. ಒಂದು ಗಿಡದ ತೊಗಟೆ ಕೆತ್ತಿ ತಂದು ಒಲೆಯ ಮೇಲಿಟ್ಟರು. ಆಮೇಲೆ ಸಂಶಯ ಹುಟ್ಟಿತು. ಯಾರನ್ನಾದರೂ ಕೇಳೋಣವೆಂದರೆ ಪಂಡಿತರೆಂಬ ಹೆಸರು ಅಡ್ಡ ಬಂತು. ಕೊನೆಗೆ ಆ ಗಿಡದ ಟೊಂಗೆ ಹಿಡಿದು, ಅಜ್ಜನವರನ್ನು ಪರೀಕ್ಷಿಸಲು ಬಂದವರಂತೆ ಅವರ ಮುಂದೆ ನಿಂತರು.

"ಎಲ್ಲಾ ಬಲ್ಲವರು ಅಂತಾರ ಮಂದಿ. ಇದು ಕಾಡುಬಾರಿ ಹೌದೋ ಅಲ್ಲೋ, ಹೇಳ್ರಿ ನೋಡೋಣು."

ಅಜ್ಜನವರು ಟೊಂಗೆಯನ್ನು ತಿರುಗಿಸಿ ನೋಡಿದರು. "ನಮಗ ಗೊತ್ತಿಲ್ಲಪ್ಪ."

ಕೂತಿದ್ದ ಭಕ್ತರು ತಲೆ ತಗ್ಗಿಸಿದರು. ಪಂಡಿತರು ನಕ್ಕರು. "ಗಿಡದ ಗುರುತು ಸಿಗದವರಿಗೆ ಶಿವನ ಗುರುತು ಹ್ಯಾಂಗ ಸಿಕ್ಕೀತ್ರಿ?"

ಅಜ್ಜನವರು ಪಕ್ಕದಲ್ಲಿ ನವಣೆ ಕೇರುತ್ತ ಕೂತಿದ್ದ, ಆಡು ಕಾಯುವ ದುರಗವ್ವನ ಕೈಗೆ ಟೊಂಗೆ ಕೊಟ್ಟು, "ನೀನ ಹೇಳವಾ" ಎಂದರು.

ಅವಳು ಬೆರಳಾಡಿಸಿದಳು. "ಕಾಡುಬಾರಿಗೆ ಜೋಡಿ ಮುಳ್ಳು ಇರತಾವ್ರಿ. ಒಂದು ನೆಟ್ಟಗ, ಒಂದು ಡೊಂಕು. ಇದರಾಗ ಎರಡೂ ನೆಟ್ಟಗ ಅದಾವು. ಇದನ್ನ ನನ್ನ ಆಡು ಸೈತ ಮೂಸಂಗಿಲ್ಲ."

ಪಂಡಿತರ ಮುಖ ಬಿಳಿಚಿತು. "ಕಷಾಯ ಒಲಿ ಮ್ಯಾಲೈತಿ ಅಜ್ಜಾರ... ಮಗಳಿಗೆ..."

"ಹೋಗು, ಮೊದಲು ಚೆಲ್ಲು," ಎಂದರು ಅಜ್ಜನವರು. ಅಷ್ಟೇ.

ಪಂಡಿತರು ಓಡಿದರು. ಸಂಜೆಯೊಳಗೆ ದುರಗವ್ವನ ಹಿಂದೆ ಹೆಜ್ಜೆ ಹಾಕುತ್ತ ಮತ್ತೆ ಗುಡ್ಡ ಹತ್ತಿ, ಅವಳು ತೋರಿಸಿದ ಗಿಡದ ತೊಗಟೆ ತಂದರು. ಹದಿನೈದು ದಿನಕ್ಕೆ ಗೌರವ್ವ ಎದ್ದು ಕೂತಳು. ಅಂದು ಪಂಡಿತರು ಜೋಪಡಿಗೆ ಬಂದು, ಒಂದು ಮೊರ ಎಳೆದುಕೊಂಡು ದುರಗವ್ವನ ಪಕ್ಕದಲ್ಲಿ ಕೂತರು. ಮುಂದೆ ಸಂಶಯ ಬಂದಾಗಲೆಲ್ಲ ರೋಗಿಯ ಎದುರಿಗೇ "ನನಗ ಗೊತ್ತಿಲ್ಲ, ಕೇಳಿ ಬರ್ತೀನಿ" ಎನ್ನುತ್ತಿದ್ದರು.

ಆ ಗೌರವ್ವ ನನ್ನ ತಾಯಿ. ದುರಗವ್ವ ಅಂದು ಆ ಗಿಡಕ್ಕೆ ಆಡಿದ, 'ಪರ' ಎಂದು ಆರಂಭವಾಗುವ ಹೆಸರನ್ನು ಆಕೆ ನನಗೆ ಎಷ್ಟೋ ಸಲ ಹೇಳಿದ್ದಳು.

ಅಪೂರ್ವಾ, ಇದನ್ನು ಬರೆದಿಡವ್ವ. ಆ ಹೆಸರಿನ ಜಾಗದಲ್ಲಿ ಏನಾದರೊಂದು ತುಂಬಬೇಡ. ನಿನ್ನ ಅಜ್ಜಿಗೆ ಗೊತ್ತಿಲ್ಲ ಅಂತಲೇ ಬರಿ.