ಕರಿಕೋಟಿನ ಹಟ

ಪ್ರವಾಸಿ ಹಡಗೊಂದರಲ್ಲಿ ಒಂದು ಕರಿಕೋಟು ಇತ್ತು. ಔತಣದ ರಾತ್ರಿ ಕೋಟಿಲ್ಲದೆ ಬಂದ ಅತಿಥಿಯನ್ನು ಭೋಜನಶಾಲೆಯ ಬಾಗಿಲಲ್ಲೇ ತಡೆದು, ಈ ಕೋಟನ್ನು ತೊಡಿಸಿ ಒಳಗೆ ಬಿಡುತ್ತಿದ್ದರು. ಹೀಗಾಗಿ ಅದಕ್ಕೆ ಮದ ನೆತ್ತಿಗೇರಿತ್ತು. "ನಾನಿಲ್ಲದೆ ಇಲ್ಲಿ ಯಾರಪ್ಪನಿಗೂ ಊಟವಿಲ್ಲ" ಎಂದು ಬೀಗುತ್ತಿತ್ತು.

ಒಂದು ದಿನ ಕಪ್ತಾನ ನಿಯಮ ಸಡಿಲಿಸಿದ. ಅತಿಥಿಗಳು ತಮಗೆ ಬೇಕಾದ್ದು ತೊಟ್ಟು ಊಟಕ್ಕೆ ಬರಬಹುದು ಎಂದ. ಟೀ ಶರ್ಟೊಂದು ಕೋಟಿನ ಮುಂದೆಯೇ ಹಾದು ಒಳಗೆ ಹೊರಟಿತು.

"ಏಯ್ ಬನಿಯನ್ ಸಂತಾನವೇ, ನಿಲ್ಲು. ಅದು ನನ್ನ ಜಾಗ," ಎಂದಿತು ಕೋಟು.

"ನಿಮ್ಮದಾಗಿತ್ತು ಅನ್ನಿ, ಯಜಮಾನರೇ," ಎಂದು ಟೀ ಶರ್ಟು ನಡೆದೇಬಿಟ್ಟಿತು.

ಮರುದಿನ ಕೋಟು ಇಸ್ತ್ರಿಪೆಟ್ಟಿಗೆಯ ಮುಂದೆ ಗೋಗರೆಯಿತು. "ಅಣ್ಣಾ, ಹೇಗಾದರೂ ಮಾಡಿ ನನ್ನನ್ನು ಆ ಭೋಜನಶಾಲೆಯೊಳಗೆ ಸೇರಿಸು."

"ಮುಂದಿನ ಬಂದರಿನಲ್ಲಿ ಹಳೇ ಬಟ್ಟೆ ಇಳಿಸುತ್ತಾರೆ, ನೀನೂ ಇಳಿದುಬಿಡು. ಯಾವನೋ ಮದುಮಗನ ಮೈಮೇಲೆ ಮೆರೆದೀಯ. ಇಲ್ಲಿ ಒಳಗೆ ಹೋಗಲು ನಿನಗೆ ಉಳಿದಿರುವುದು ಒಂದೇ ದಾರಿ. ಅದು ನಿನಗೆ ಒಗ್ಗುವುದಿಲ್ಲ."

"ಇಳಿಯುವುದು ನಮ್ಮ ವಂಶದಲ್ಲೇ ಇಲ್ಲ. ಯಾವ ದಾರಿಯಾದರೂ ಸರಿ, ಒಳಗೆ ಹೋಗಬೇಕು."

ಇಸ್ತ್ರಿಪೆಟ್ಟಿಗೆ ಕೋಟಿನ ಮೈ ತೀಡಿತು.

ನಿಯಮ ಹೋಗಿದ್ದು ಅತಿಥಿಗಳಿಗೆ ಮಾತ್ರ, ಬಡಿಸುವವರಿಗಲ್ಲ. ಆ ರಾತ್ರಿ ಕೋಟು ಬಡಿಸುವವನ ಮೈಮೇಲೆ ಒಳಗೆ ಹೋಯಿತು. ಒಂದೊಂದು ಕುರ್ಚಿಯ ಪಕ್ಕದಲ್ಲೂ ಬೆನ್ನು ಬಾಗಿಸಿತು. ಟೀ ಶರ್ಟು ತಲೆ ಎತ್ತಿಯೂ ನೋಡದೆ, "ಇಲ್ಲಿ ನೀರು" ಎಂದಿತು.

ಆ ಭೋಜನಶಾಲೆಯಲ್ಲಿ ಈಗ ಕೋಟು ತೊಟ್ಟ ಯಾರಿಗೂ ಕುರ್ಚಿಯಿಲ್ಲ.