ಮುನವಳ್ಳಿ ಸಾಹೇಬರ ಕೆಂಪು ವೈನು

ಬೆಳಗಾವಿಯ ಒಂದು ಕ್ಲಬ್ಬಿಗೆ ಮುನವಳ್ಳಿ ಸಾಹೇಬರು ಅಧ್ಯಕ್ಷರು. ಸಂಜೆಯ ಪಾರ್ಟಿಗೆ ಅಗ್ಗದಲ್ಲಿ ಒಳ್ಳೆಯ ಫ್ರೆಂಚ್ ಕೆಂಪು ವೈನು ಹುಡುಕಿ ತಾ ಎಂದು ಅವರೇ ವೇಟರನನ್ನು ಅಟ್ಟಿದ್ದರು. ಅವನು ಊರೆಲ್ಲ ಸುತ್ತಿ ಒಂದು ಬಾಟಲಿ ತಂದ. ಸಾಹೇಬರು ಮುಚ್ಚಳ ತೆಗೆಯಲೇ ಇಲ್ಲ, ಬೆಲೆ ಮಾತ್ರ ನೋಡಿದರು.

"ಇಷ್ಟು ಅಗ್ಗದ್ದು ಫ್ರಾನ್ಸಿನ ಕುದುರೀನೂ ಕುಡಿಯಂಗಿಲ್ಲ. ನಾಳೆಯಿಂದ ನೀ ಕೆಲಸಕ್ಕ ಬರಬ್ಯಾಡ."

ವೇಟರ್ ಜಗಳಕ್ಕೆ ನಿಲ್ಲಲಿಲ್ಲ. ಬಾಟಲಿಗೆ ಬಿಳಿ ಬಟ್ಟೆ ಸುತ್ತಿ ತರೋದು, ಅತಿಥಿಗಳಿಗಿಂತ ಮೊದಲು ಅಧ್ಯಕ್ಷರು ರುಚಿ ನೋಡಿ ಒಪ್ಪೋದು ಆ ಕ್ಲಬ್ಬಿನ ಪದ್ಧತಿ. ಸಂಜೆ ಅವನು ಬಟ್ಟೆ ಸುತ್ತಿದ ಎರಡು ಬಾಟಲಿ ತಂದು, ಎಲ್ಲರೆದುರು ಎರಡು ಗ್ಲಾಸಿಗೆ ಸುರಿದ.

"ಸಾಹೇಬ್ರ, ಒಂದು ನೀವು ಬೈದದ್ದು. ಇನ್ನೊಂದು ನಿಮ್ಮ ಕಪಾಟಿನ ದುಬಾರಿದು. ಬೈದದ್ದು ಯಾವುದು ಹೇಳ್ರಿ. ಸರಿ ಹೇಳಿದ್ರ ಈಗಲೇ ಕೆಲಸ ಬಿಟ್ಟು ಹೋಗ್ತೀನಿ."

ಸಾಹೇಬರು ಇದನ್ನು ಕುಡಿದರು, ಅದನ್ನು ಕುಡಿದರು. ಮತ್ತೆ ಇದನ್ನು. ಅತಿಥಿಗಳೆಲ್ಲ ಅವರ ಬಾಯನ್ನೇ ನೋಡುತ್ತಾ ಕೂತರು. ತಪ್ಪು ಹೇಳಿದರೆ ಮರ್ಯಾದೆ ಹೋದೀತು.

"ಎರಡೂ ಛಲೋ ಅದಾವ," ಎಂದರು ಕೊನೆಗೆ.

"ಹಂಗಾದ್ರ ನಾ ನಾಳೆ ಬರ್ತೀನ್ರಿ. ಈಗ ಯಾವುದು ಹಾಕ್ಲಿ?"

ಹಿಂದೆ ಕೂತಿದ್ದ ವಕೀಲರೊಬ್ಬರು ಗ್ಲಾಸು ಚಾಚಿದರು. "ಅಗ್ಗದ್ದು ನಮಗ ಹಾಕಪ್ಪ. ದುಬಾರಿದು ವಾಪಸ್ ಕಪಾಟಿನ್ಯಾಗ ಇಡು, ಸಾಹೇಬ್ರು ಬೆಲೆ ನೋಡ್ಕೋತ ಕೂಡ್ತಾರ."