ಬಲ ಇಂಜಿನ್ನಿನ ಬಲ

ವಿಮಾನವೊಂದರ ಬಲ ಇಂಜಿನ್ನಿಗೆ ತನ್ನ ಹೆಸರಿನ ಮೇಲೆ ಬಹಳ ಅಭಿಮಾನ. "ನಾನು ಬಲ. ನಿನ್ನ ಹೆಸರಿನಲ್ಲೇ ಎಡವಟ್ಟಿದೆ," ಎಂದು ಆಚೆ ರೆಕ್ಕೆಯ ಎಡ ಇಂಜಿನ್ನನ್ನು ದಿನವೂ ಹಂಗಿಸುತ್ತಿತ್ತು. ಎಡ ಇಂಜಿನ್ ಎದುರಾಡದೆ ತನ್ನ ಪಾಲಿನದನ್ನು ಎಳೆಯುತ್ತಿತ್ತು.

ಒಂದು ಬೆಳಿಗ್ಗೆ ವಿಮಾನ ನೆಲ ಬಿಡುತ್ತಿದ್ದಂತೆಯೇ ಹದ್ದೊಂದು ಎಡ ಇಂಜಿನ್ನಿಗೆ ಬಡಿಯಿತು. ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

"ಹೆದರಬೇಡಿ, ನಾನಿದ್ದೇನೆ!" ಎಂದು ಬಲ ಇಂಜಿನ್ ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆಯಿತು. ವಿಮಾನದ ಮೂತಿ ಎಡಕ್ಕೆ ತಿರುಗಿತು. ಇನ್ನಷ್ಟು ಎಳೆಯಿತು, ಮೂತಿ ಇನ್ನಷ್ಟು ತಿರುಗಿತು.

"ದಾರಿ ತಪ್ಪಿಸುತ್ತಿದ್ದೀಯ," ಎಂದಿತು ದಿಕ್ಸೂಚಿ.

"ಎಳೆಯುತ್ತಿರುವವನು ನಾನೊಬ್ಬನೇ. ನನ್ನದೇನು ತಪ್ಪು?"

"ಒಬ್ಬನೇ ಎಳೆಯುತ್ತಿರುವುದಕ್ಕೇ ದಾರಿ ತಪ್ಪುತ್ತಿದೆ."

ಕ್ಯಾಪ್ಟನ್ ದೇಚಮ್ಮ ಬಲಗಾಲಿನ ಪೆಡಲನ್ನು ಒತ್ತಿ ಹಿಡಿದರು. "ಮೊದಲು ನೇರ ಹೋಗಲಿ, ಮಿಕ್ಕಿದ್ದು ಆಮೇಲೆ," ಎಂದು ಜೊತೆಯ ಪೈಲಟ್‌ಗೆ ಹೇಳಿದರು. ಬಾಲದ ಚುಕ್ಕಾಣಿ ನಡುಗುತ್ತಲೇ ಮೂತಿಯನ್ನು ದಾರಿಗೆ ತಂದಿತು. ವಿಮಾನ ಸುತ್ತಿ ಬಂದು ಅದೇ ರನ್‌ವೇಯಲ್ಲಿ ಇಳಿಯಿತು.

ಸಂಜೆ ಎಡ ಇಂಜಿನ್ನನ್ನು ಬಿಚ್ಚಿ ಗಾಡಿಯ ಮೇಲೆ ಮಲಗಿಸಿದರು.

"ಗೆಳೆಯಾ," ಎಂದು ಬಲ ಇಂಜಿನ್ ಕರೆಯಿತು. "ಹನ್ನೊಂದು ವರ್ಷ ವಿಮಾನವನ್ನು ನೇರ ಒಯ್ದದ್ದು ನನ್ನ ಬಲ ಅಂದುಕೊಂಡಿದ್ದೆ. ಆಚೆ ಕಡೆ ನೀನೂ ಸರಿಸಮ ಎಳೆಯುತ್ತಿದ್ದೆ ಅನ್ನುವುದು ಇವತ್ತು ತಿಳಿಯಿತು."

ಗಾಡಿ ಹೊರಟುಹೋಯಿತು.

ಮರುದಿನ ಆ ಜಾಗಕ್ಕೆ ಹೊಸ ಇಂಜಿನ್ ಬಂತು. "ಅಣ್ಣಾ, ನಿಮ್ಮ ಹೆಸರೇನು?" ಎಂದು ಕೇಳಿತು.

ಬಲ ಇಂಜಿನ್ ಹೇಳಿತು:

"ನೀನು ಆ ಕಡೆ ಇರುವತನಕ, ಬಲ."